ಹನ್ನೆರಡನೇ ನಂಬರಿನ ಖಾಲಿ ಮನೆ

ಆ ಭಾನುವಾರ ಬೆಳಗ್ಗೆ ಜಂಬಪ್ಪನಿಗೆ ಕತ್ತರಿ ಸಿಗಲಿಲ್ಲ. ಮುಂದಿನ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಬೇಕಿತ್ತು, ಅಷ್ಟೇ. ಅಡುಗೆಮನೆಯ ಕಟ್ಟೆ, ಟಿ.ವಿ. ಸ್ಟ್ಯಾಂಡು, ಹೊಲಿಗೆ ಮಷಿನ್ನಿನ ಡ್ರಾಯರು, ಬೀರುವಿನ ತಲೆ, ಮಂಚದ ಅಡಿ, ಎಲ್ಲ ಕಡೆ ಹುಡುಕಿದ. ಹುಡುಕುವ ಭರದಲ್ಲಿ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ಕನ್ನಡಕ ಸಿಕ್ಕಿತು. ಯಾರದೋ ಮದುವೆಗೆ ಉಡುಗೊರೆ ಕೊಡಲು ತಂದು ಮರೆತಿದ್ದ ಲೆಮನ್ ಸೆಟ್ಟು ಸಿಕ್ಕಿತು. ಆ ದಂಪತಿಗೆ ಈಗ ಎರಡು ಮಕ್ಕಳು. ಯಾವ ಬೀಗಕ್ಕೆ ಸೇರಿದ್ದೆಂದು ಯಾರಿಗೂ ಗೊತ್ತಿಲ್ಲದ ಹದಿನಾಲ್ಕು ಬೀಗದಕೈ ಸಿಕ್ಕವು. ಕತ್ತರಿ ಮಾತ್ರ ಸಿಗಲಿಲ್ಲ. ಕೊನೆಗೆ ಹೆಂಡತಿ ರೇಣುಕಮ್ಮ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹರಿದ ರಭಸ ನೋಡಿದರೆ ಅವಳ ಸಿಟ್ಟು ಪ್ಯಾಕೆಟ್ಟಿನ ಮೇಲಲ್ಲ ಎಂಬುದು ಜಂಬಪ್ಪನಿಗೆ ಗೊತ್ತಾಯಿತು.

"ಗಣಿ ಸ್ಟೋರಿನಾಗ ನಾಲ್ಕು ಸಾವಿರ ನಟ್ಟು ಬೋಲ್ಟು ಎಲ್ಲೆಲ್ಲಿ ಅದಾವಂತ ಕಣ್ಣು ಮುಚ್ಕಂಡು ಹೇಳ್ತೀರಂತ. ಮನ್ಯಾಗ ಒಂದು ಕತ್ತರಿ ಎಲ್ಲೈತಿ ಅಂತ ಹೇಳಾಕ ಬರಂಗಿಲ್ಲ!"

ಮಾತು ಸುಳ್ಳಲ್ಲ. ಸಂಡೂರಿನ ಗುಡ್ಡದ ಮಗ್ಗುಲಲ್ಲಿರುವ ಆ ಗಣಿ ಕಂಪನಿಯ ಸ್ಟೋರಿನಲ್ಲಿ ಜಂಬಪ್ಪ ಇಪ್ಪತ್ತಾರು ವರ್ಷದಿಂದ ಅಸಿಸ್ಟೆಂಟು. ಅಲ್ಲಿ ಪ್ರತಿಯೊಂದು ಸಾಮಾನಿಗೂ ಒಂದು ಖಾನೆ, ಖಾನೆಗೊಂದು ನಂಬರು, ನಂಬರಿಗೊಂದು ಚೀಟಿ. ಚೀಟಿ ಇಲ್ಲದ ಒಂದು ವಾಷರು ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಗೆ ಬಂದರೆ ಆ ಜಂಬಪ್ಪನೇ ಬೇರೆ. ಕಳಚಿದ ಬೂಟು ಎಲ್ಲಿ ಬಿದ್ದಿತೋ ಅದೇ ಅದರ ಖಾನೆ.

ಮನೆಯೆಂದರೆ ಕಂಪನಿಯ ಒಂದನೇ ಲೈನಿನ ಹನ್ನೆರಡನೇ ನಂಬರಿನ ಕ್ವಾರ್ಟರ್ಸು. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ಗಂಡ, ಹೆಂಡತಿ, ಡಿಗ್ರಿ ಓದುವ ಮಗಳು ಭವ್ಯ ಮೂವರೇ ಇದ್ದಾಗ ಹೇಗೋ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಚೋರನೂರಿನಿಂದ ತಾಯಿ ನೀಲಗಂಗಮ್ಮ ಒಂದು ಟ್ರಂಕು, ಒಂದು ಬೀಸುಕಲ್ಲು ಸಮೇತ ಬಂದಮೇಲೆ ಮನೆ ಸಂತೆಯ ದಿನದ ಬಸ್ಸಿನಂತಾಯಿತು. ಮುದುಕಿ ಮಲಗುತ್ತಿದ್ದುದು ಬೀರುವಿಗೂ ಹೊಲಿಗೆ ಮಷಿನ್ನಿಗೂ ನಡುವಿನ ಸಂದಿಯಲ್ಲಿ. ಮಗ್ಗಲು ಬದಲಿಸಬೇಕೆಂದರೆ ಎದ್ದು ನಿಂತು, ತಿರುಗಿ, ಮತ್ತೆ ಮಲಗಬೇಕು. ಭವ್ಯ ಓದುತ್ತಿದ್ದುದು ಗ್ಯಾಸ್ ಸಿಲಿಂಡರಿನ ಮೇಲೆ ಕೂತು. ಮೂರು ರೂಮಿನ ಮನೆ ಬೇಕೆಂದು ಜಂಬಪ್ಪ ಹಾಕಿದ್ದ ಅರ್ಜಿಗೆ ಆರು ವರ್ಷ ತುಂಬಿತ್ತು. ಅದು ಮಗುವಾಗಿದ್ದರೆ ಒಂದನೇ ಕ್ಲಾಸಿಗೆ ಸೇರಿಸಬಹುದಿತ್ತು.

ಕತ್ತರಿಯ ಜಗಳ ಇನ್ನೂ ಕಾವಿನಲ್ಲಿದ್ದಾಗಲೇ ಭವ್ಯ ಮೊಬೈಲು ಹಿಡಿದುಕೊಂಡು ಬಂದಳು. "ಅಪ್ಪಾ, ಕಾಲೊನಿ ಗ್ರೂಪಿನ್ಯಾಗ ಬಂದಿದ್ದು ನೋಡಿಯೇನು? ಇವತ್ತು ಮಧ್ಯಾಹ್ನ ಮೂರಕ್ಕ ಎಸ್ಟೇಟ್ ಆಫೀಸರು ಮನಿಮನಿ ನೋಡಾಕ ಬರ್ತಾರಂತ. ಅಚ್ಚುಕಟ್ಟು ಮನೆ ಸ್ಪರ್ಧೆ. ಗೆದ್ದೋರ ಮನಿ ಬದಲಿ ಅರ್ಜಿ ಮೊದಲು ನೋಡ್ತಾರಂತ."

ಜಂಬಪ್ಪ ಹಲ್ಲುಜ್ಜುವುದನ್ನು ನಿಲ್ಲಿಸಿದ. ರೇಣುಕಮ್ಮ ಹಾಲು ಉಕ್ಕುವುದನ್ನು ನೋಡುತ್ತ ನಿಂತಳು.

"ಮೂರು ರೂಮು," ಎಂದಳು, ದೇವರ ಹೆಸರು ಹೇಳಿದ ಹಾಗೆ.

ಭವ್ಯಳಿಗೆ ಈ ವಿದ್ಯೆ ಗೊತ್ತಿತ್ತು. ಮನೆ ಹಗುರ ಮಾಡುವುದು ಹೇಗೆಂದು ಮೊಬೈಲಿನಲ್ಲಿ ಯಾರ್ಯಾರೋ ಹೇಳಿಕೊಡುವುದನ್ನು ಅವಳು ಆರು ತಿಂಗಳಿಂದ ನೋಡಿದ್ದಳು. ಸಿಲಿಂಡರಿನ ಮೇಲೆ ಕೂತವರಿಗೆ ಬೇರೆ ಯಾವ ಕನಸು ಬಿದ್ದೀತು? "ಮೂರು ರಾಶಿ ಮಾಡ್ಬೇಕು," ಎಂದು ಸೊಂಟಕ್ಕೆ ವೇಲು ಬಿಗಿದಳು. "ಇಟ್ಕೊಳ್ಳೋದು, ಕೊಡೋದು, ಹೊರಗ ಒಗೆಯೋದು. ಒಂದು ವರ್ಷದಿಂದ ಮುಟ್ಟದ ಸಾಮಾನಿಗೆ ಮನ್ಯಾಗ ಜಾಗ ಇಲ್ಲ."

ಬೀರುವಿನ ಪಕ್ಕದ ಸಂದಿಯಿಂದ ನೀಲಗಂಗಮ್ಮನ ದನಿ ಬಂತು. "ನನ್ನ ಯಾವ ರಾಶಿಗೆ ಹಾಕ್ತೀಯವ್ವಾ? ನನ್ನನ್ನೂ ಯಾರಾದ್ರೂ ಮುಟ್ಟಿ ಮಾತಾಡ್ಸಿ ಭಾಳ ದಿನ ಆಗೇತಿ."

ಭವ್ಯ ಹೋಗಿ ಅಜ್ಜಿಯ ಗಲ್ಲ ಹಿಡಿದು, "ನೀನು ಇಟ್ಕೊಳ್ಳೋ ರಾಶಿ. ಬೀಸುಕಲ್ಲು ಮಾತ್ರ ಗೊತ್ತಿಲ್ಲ," ಎಂದಳು.

"ಬೀಸುಕಲ್ಲು ನಾನು ಒಂದೇ ರಾಶಿ," ಎಂದಳು ಮುದುಕಿ. ಆ ವಿಚಾರ ಅಲ್ಲಿಗೆ ಮುಗಿಯಿತು.

ಉಳಿದದ್ದೆಲ್ಲ ಹೊರಗೆ ಬಂತು. ಮಿಕ್ಸಿಯೇ ಇಲ್ಲದ ಮಿಕ್ಸಿ ಜಾರುಗಳು ಐದು. ಡಬ್ಬಿಯಿಲ್ಲದ ಮುಚ್ಚಳ ಇಪ್ಪತ್ತೆಂಟು, ಮುಚ್ಚಳವಿಲ್ಲದ ಡಬ್ಬಿ ಮೂವತ್ತೊಂದು, ಒಂದಕ್ಕೊಂದು ಕೂಡಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು, ಎಲ್ಲಕ್ಕಿಂತ ಒಳಗೆ ಒಂದು ರಬ್ಬರ್ ಬ್ಯಾಂಡು. ಭವ್ಯಳ ಯು.ಕೆ.ಜಿ. ಬೂಟು. ಏಳು ಗೋಡೆ ಗಡಿಯಾರ, ಏಳು ಬೇರೆ ಬೇರೆ ಹೊತ್ತು ತೋರಿಸುತ್ತ. ಎಲ್ಲದರ ಮೇಲೂ ಗಣಿಯ ಕೆಂಪು ಧೂಳು ಒಂದೇ ಸಮನೆ ಕೂತು, ಎಲ್ಲವೂ ಒಂದೇ ಇಟ್ಟಿಗೆ ಭಟ್ಟಿಯಲ್ಲಿ ಸುಟ್ಟಂತೆ ಕಾಣುತ್ತಿದ್ದವು.

ರೇಣುಕಮ್ಮ ತವರಿನ ಹರಿದ ಕೌದಿಯನ್ನು ಮೂರು ಸಲ ಎಸೆಯುವ ರಾಶಿಗೆ ಹಾಕಿ ಮೂರು ಸಲ ತೆಗೆದಳು. ನಾಲ್ಕನೆಯ ಸಲ ಗಂಡನ ಕಡೆ ತಿರುಗಿ, "ನಾನು ಇದನ್ನ ಬಿಡ್ತೀನಿ. ನೀವೇನು ಬಿಡ್ತೀರಿ?" ಎಂದು ಕೇಳಿದಳು. ಜಂಬಪ್ಪನ ಹತ್ತಿರ ಕಂಪನಿ ಕೊಟ್ಟ ಡೈರಿಗಳು ಇಪ್ಪತ್ತಾರು ಇದ್ದವು, ವರ್ಷಕ್ಕೊಂದರಂತೆ. ಒಂದರಲ್ಲೂ ಜನವರಿ ಐದನೇ ತಾರೀಖಿನ ನಂತರ ಒಂದಕ್ಷರವಿರಲಿಲ್ಲ. ಎದೆ ಗಟ್ಟಿ ಮಾಡಿಕೊಂಡು ಅಷ್ಟನ್ನೂ ತಂದು ರಾಶಿಗೆ ಹಾಕಿದ. ಮೇಲಿನ ಡೈರಿಯನ್ನು ಒಮ್ಮೆ ಸವರಿ, "ಹೋಗಲಿ ಬಿಡು," ಎಂದ.

ಹನ್ನೊಂದು ಗಂಟೆಗೆ ಗುಜರಿಯವನು ಬಂದು ಬೇಡದ್ದೆಲ್ಲವನ್ನೂ ತನ್ನ ಗಾಡಿಯ ಮೇಲೆ ಹೇರಿಕೊಂಡು ಹೋದ. ಇನ್ನು ಜೋಡಿಸುವ ಕೆಲಸ. ಹೊಸಪೇಟೆಗೆ ಹೋಗಿ ಕಪಾಟು ತರುವಷ್ಟು ಹೊತ್ತೂ ಇರಲಿಲ್ಲ, ಜೇಬಿಗೆ ಅಂಥ ತಾಕತ್ತೂ ಇರಲಿಲ್ಲ. ರೇಣುಕಮ್ಮ ಹಳೇ ಸೀರೆಯೊಂದನ್ನು ಮಡಿಸಿ ಸಾಲುಸಾಲಾಗಿ ಜೇಬು ಹೊಲಿದು ಬಾಗಿಲ ಹಿಂದೆ ತೂಗುಹಾಕಿದಳು. ಬಾಚಣಿಗೆಯಿಂದ ಕರೆಂಟ್ ಬಿಲ್ಲಿನವರೆಗೆ ಎಲ್ಲಕ್ಕೂ ಅದರಲ್ಲಿ ಒಂದೊಂದು ಮನೆ. ಬೂಟಿನ ಡಬ್ಬಿಗಳಿಗೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದರು. ಉಪ್ಪಿನಕಾಯಿಯ ಖಾಲಿ ಬಾಟಲಿಗಳು ತೊಳೆದು ಬೇಳೆಕಾಳಿಗಾದವು. ಅಕ್ಕಿಚೀಲ ಕೊಡವಿ ಅದರಲ್ಲಿ ಹೊದಿಕೆ ತುಂಬಿ ಮಂಚದ ಕೆಳಗೆ ತಳ್ಳಿದರು.

ಆಗ ಜಂಬಪ್ಪನೊಳಗಿನ ಸ್ಟೋರ್ ಅಸಿಸ್ಟೆಂಟು ಎಚ್ಚರಗೊಂಡ. ಮಾರ್ಕರ್ ಪೆನ್ನು ತಂದು ಕೂತವನು ಪ್ರತಿ ಬಾಟಲಿಗೂ ಚೀಟಿ ಬರೆದ: "ತೊಗರಿಬೇಳೆ. ಖಾನೆ 3. ಅರ್ಧಕ್ಕೆ ಇಳಿದಾಗ ತಿಳಿಸತಕ್ಕದ್ದು." ನೀಲಗಂಗಮ್ಮನ ಎಲೆಯಡಿಕೆ ಚೀಲಕ್ಕೂ ಒಂದು ಚೀಟಿ ಬಿತ್ತು.

ಒಂದು ಗಂಟೆಗೆ ನೋಡಿದರೆ ಮನೆಯಲ್ಲಿ ನೆಲ ಕಾಣುತ್ತಿತ್ತು. ನೆಲದ ಬಣ್ಣ ಹಸಿರೆಂದು ಭವ್ಯಳಿಗೆ ಅವತ್ತೇ ಗೊತ್ತಾದದ್ದು. ನೀಲಗಂಗಮ್ಮ ಹಾಲಿನ ನಟ್ಟನಡುವೆ ಮಲಗಿ ಕೈಕಾಲು ಚಾಚಿದಳು. ಆಮೇಲೆ ಎಡಕ್ಕೆ ಹೊರಳಿದಳು. ಬಲಕ್ಕೆ ಹೊರಳಿದಳು. "ಯಪ್ಪಾ, ಚೋರನೂರಿನ ಕಣದಾಗ ಮಲಗಿದಂಗ ಆತು," ಎಂದು ಕಣ್ಣು ಮುಚ್ಚಿದಳು. ಜಂಬಪ್ಪ ಹೆಂಡತಿಯ ಮುಖ ನೋಡಿದ. ಅವಳೂ ಅವನ ಮುಖ ನೋಡಿದಳು. ಮೂರು ರೂಮಿನ ಮನೆ ಅವರಿಬ್ಬರ ನಡುವೆ ಬಂದು ಕೂತ ಹಾಗಿತ್ತು.

ಅಷ್ಟರಲ್ಲಿ ಐದನೇ ನಂಬರಿನ ಶಾಂತಕ್ಕ ಒಂದು ಬಟ್ಟಲು ಸಕ್ಕರೆಗೆಂದು ಬಂದಳು. ಲೈನಿನ ಹನ್ನೆರಡು ಮನೆಯ ಸುದ್ದಿಗೂ ಶಾಂತಕ್ಕನೇ ಸ್ಟೋರು. ಹೊಸಲಿನ ಮೇಲೆ ಕಾಲಿಟ್ಟವಳು ಅಲ್ಲೇ ನಿಂತಳು.

"ಏನವ್ವಾ ರೇಣುಕಾ, ಇಷ್ಟು ಜಾಗ ಎಲ್ಲಿಂದ ಬಂತು? ನಿಮ್ಮ ಮನಿ ನಮ್ಮ ಮನಿಗಿಂತ ದೊಡ್ಡದು ಕಟ್ಯಾರೇನು?" ಹೆಜ್ಜೆ ಎಣಿಸುತ್ತ ಹಾಲಿನ ಉದ್ದ ಅಳೆದಳು. ಬಾಟಲಿಯ ಚೀಟಿಗಳನ್ನು ಓದಿದಳು. ಸಕ್ಕರೆ ಬಾಟಲಿಯ ಚೀಟಿಯನ್ನು ಎರಡು ಸಲ ಓದಿ, ಸಕ್ಕರೆ ಮರೆತು ಹೊರಟುಹೋದಳು.

ಐದು ನಿಮಿಷ ಕಳೆದಿರಲಿಕ್ಕಿಲ್ಲ. ಮೂರನೇ ನಂಬರಿನ ಮಾರೇಶ್ ಬಾಗಿಲಲ್ಲಿ ನಿಂತಿದ್ದ. ಮಾರೇಶ್ ಕಂಪನಿಯ ಡಂಪರ್ ಡ್ರೈವರು. ಗಾಡಿಯನ್ನಾದರೂ ಮಾತನ್ನಾದರೂ ರಿವರ್ಸ್ ತೆಗೆಯುವುದರಲ್ಲಿ ನಿಸ್ಸೀಮ. ಅವನ ಹಿಂದೆ, ಅವನಷ್ಟೇ ಎತ್ತರದ ಒಂದು ಕೂಲರ್ ನಿಂತಿತ್ತು.

"ಜಂಬಣ್ಣಾ, ಇದೊಂದು ಕೂಲರು ಇಡ್ತೀನಿ. ಎರಡು ತಾಸು, ಅಷ್ಟೇ."

"ಯಾಕಪ್ಪ? ನಮಗೂ ಸಾಹೇಬ್ರು ಬರ್ತಾರ."

"ಅಲ್ಲೇ ಐತಿ ನೋಡಣ್ಣ ಲೆಕ್ಕ." ಮಾರೇಶ್ ಒಳಗೆ ಬಂದು ದನಿ ತಗ್ಗಿಸಿದ. "ಸಾಹೇಬ್ರು ಒಂದನೇ ನಂಬರಿನಿಂದ ಶುರು ಮಾಡ್ತಾರ. ಮನಿಗೆ ಹತ್ತು ನಿಮಿಷ ಅಂದ್ರೂ ನಿಮ್ಮ ಮನಿಗೆ ಬರೋದ್ರಾಗ ಐದು ಗಂಟಿ ಆಕ್ಕತಿ. ಅಷ್ಟೊತ್ತಿಗೆ ನಮ್ಮ ಮನಿ ನೋಡೋದು ಮುಗಿದಿರ್ತತಿ. ನಾನು ಹಿತ್ತಲಿನಿಂದ ಬಂದು ಕೂಲರು ಎತ್ಕಂಡು ಹೋಗಿರ್ತೀನಿ. ನಿಮ್ಮ ಮನಿ ಹಿಂಗ ಥಳಥಳ ಅಂತಿರ್ತತಿ."

ಜಂಬಪ್ಪನಿಗೆ ಇಲ್ಲವೆನ್ನುವ ಮಾತು ಗಂಟಲವರೆಗೆ ಬಂತು. ಆದರೆ ಹೋದ ವರ್ಷ ಅವ್ವನಿಗೆ ಉಸಿರು ಕಟ್ಟಿದಾಗ ಜೀಪು ತಂದು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದವನು ಈ ಮಾರೇಶನೇ. "ಒಂದೇ ಕೂಲರು," ಎಂದ.

ಒಂದೇ ಕೂಲರು ಬಂತು. ಅದರ ಹಿಂದೆಯೇ ಅದರ ಸ್ಟ್ಯಾಂಡು ಬಂತು. ಸ್ಟ್ಯಾಂಡಿನ ಹಿಂದೆ, ಮಾರೇಶನ ತಮ್ಮ ಕಸರತ್ತು ಮಾಡಬೇಕೆಂದು ಕೊಂಡು ಒಮ್ಮೆಯೂ ಎತ್ತದ ಕಬ್ಬಿಣದ ಗುಂಡುಗಳು ಬಂದವು.

ಹಿಂದೆಯೇ ಶಾಂತಕ್ಕ. "ಮಾರೇಶಂದು ಇಟ್ಕಂಡ್ರಿ, ನಮ್ಮದು ಬ್ಯಾಡೇನು? ಹೋಗಲಿ ಬಿಡ್ರಿ, ನಾವೇನು ನಿಮಗೆ ಹೊರಗಿನೋರು," ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು. ಸೆರಗು ಒತ್ತಿಕೊಂಡ ಕಣ್ಣಿನಿಂದಲೇ, ಹಿಂದೆ ನಿಂತಿದ್ದ ಗಂಡನಿಗೆ ಒಳಗೆ ತರಲು ಸನ್ನೆ ಮಾಡಿದಳು. ಮಹಿಳಾ ಮಂಡಳದ ನಾಲ್ಕು ಕೊಪ್ಪರಿಗೆ, ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲಿಲ್ಲದ ಡೈನಿಂಗ್ ಟೇಬಲ್ಲು ಬಂದವು. ಎಂಟನೇ ನಂಬರಿನ ಪಂಪ್ ಆಪರೇಟರ್ ಜಡೆಪ್ಪ, ಯಾವತ್ತಾದರೂ ಉಪಯೋಗಕ್ಕೆ ಬಂದೀತೆಂದು ಮೂವತ್ತು ವರ್ಷದಿಂದ ಕೂಡಿಟ್ಟ ವೈರಿನ ಸುರುಳಿಗಳನ್ನು ಕುತ್ತಿಗೆಗೆ ಹಾಕಿಕೊಂಡು ಬಂದ. ಹಿತ್ತಲಿನಿಂದ ಅವನ ಕಬ್ಬಿಣದ ಮಂಚ ಬಂತು. ಎರಡು ಗಂಟೆಯ ಹೊತ್ತಿಗೆ ಲೈನಿನ ಅಷ್ಟೂ ಮನೆಯವರು ಹನ್ನೆರಡನೇ ನಂಬರಿನ ಮುಂದೆ ರೇಷನ್ ಅಂಗಡಿಯ ಸಾಲಿನಂತೆ ನಿಂತಿದ್ದರು.

"ಅಪ್ಪಾ, ಬ್ಯಾಡ ಅನ್ನು," ಎಂದಳು ಭವ್ಯ.

"ಹೆಂಗ ಅನ್ನಲೇ? ದಿನಾ ಮುಖ ನೋಡೋ ಮಂದಿ."

"ನಾನಂತೀನಿ," ಎಂದು ರೇಣುಕಮ್ಮ ಮುಂದೆ ಬಂದಳು. ಎದುರಿಗೆ ಅವಳ ಹೆರಿಗೆಯಲ್ಲಿ ಬಾಣಂತನ ಮಾಡಿದ್ದ ಏಳನೇ ನಂಬರಿನ ತಾಯಕ್ಕ, ತಲೆಯ ಮೇಲೆ ಹಾಸಿಗೆ ಸುರುಳಿ ಹೊತ್ತು ನಿಂತಿದ್ದಳು. ರೇಣುಕಮ್ಮ ಬಾಯಿ ತೆರೆದಳು, ಮುಚ್ಚಿದಳು, ದಾರಿ ಬಿಟ್ಟಳು.

ಸಾಮಾನು ತುಂಬುತ್ತ ಬಂದಂತೆ ಜಂಬಪ್ಪನಿಗೆ ಇನ್ನೊಂದು ದಿಗಿಲು ಹತ್ತಿತು. ಯಾರ ಚೊಂಬು ಯಾರ ಮನೆಗೆ ಹೋದೀತೋ! ಇಪ್ಪತ್ತಾರು ವರ್ಷದ ಅಭ್ಯಾಸ ಕೈ ಹಿಡಿದು ಎಳೆಯಿತು. ಭವ್ಯಳ ನೋಟ್‌ಬುಕ್ಕು ಕಿತ್ತುಕೊಂಡು ಗೆರೆ ಎಳೆದ. ಬಂದ ಪ್ರತಿ ಸಾಮಾನಿಗೂ ಚೀಟಿ ಅಂಟಿಸಿ, ಮನೆ ನಂಬರು, ಸಾಮಾನಿನ ಹೆಸರು, ಎಷ್ಟು, ಯಾವ ಸ್ಥಿತಿ ಎಂದೆಲ್ಲ ದುಂಡಗೆ ಬರೆದ. ಮಂಚದ ಮೇಲೆ ಟೇಬಲ್ಲು, ಟೇಬಲ್ಲಿನ ಮೇಲೆ ಕುರ್ಚಿ, ಕುರ್ಚಿಯೊಳಗೆ ಕೊಪ್ಪರಿಗೆ, ಕೊಪ್ಪರಿಗೆಯೊಳಗೆ ವೈರು. ಒಂದಿಂಚೂ ವ್ಯರ್ಥವಾಗಲಿಲ್ಲ. ಜೋಡಿಸುವ ಹುಮ್ಮಸ್ಸಿನಲ್ಲಿ ಇದು ತನ್ನ ಮನೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಎರಡೂ ಮುಕ್ಕಾಲಿಗೆ ರಾಶಿ ಸೂರು ಮುಟ್ಟಿತು. ಹಿತ್ತಲ ಬಾಗಿಲಿಗೆ ಜಡೆಪ್ಪನ ಮಂಚ ಅಡ್ಡ ಕೂತಿತ್ತು. ಮುಂಬಾಗಿಲು ಅರ್ಧವೇ ತೆರೆಯುತ್ತಿತ್ತು. ನೀಲಗಂಗಮ್ಮ ಅಡುಗೆಮನೆಯಲ್ಲಿ ಬೀಸುಕಲ್ಲಿನ ಪಕ್ಕ ಸಿಕ್ಕಿಹಾಕಿಕೊಂಡಿದ್ದಳು. ಹೊರಗೆ ಬರಲು ದಾರಿಯಿರಲಿಲ್ಲ.

"ಯವ್ವಾ, ಎರಡು ತಾಸು ತಡ್ಕೊ," ಎಂದು ಜಂಬಪ್ಪ ಕೂಲರಿನ ಸಂದಿಯಿಂದ ಕೂಗಿದ.

"ಯಾರಿಗೆ ತಡ್ಕೊ ಅಂತಿ? ನಂಗೋ, ಗ್ವಾಡಿಗೋ?" ಎಂದು ಉತ್ತರ ಬಂತು.

ಒಂದನೇ ನಂಬರಿನ ಮುಂದೆ ಲೈನಿನ ಗಂಡಸರೆಲ್ಲ ಇಸ್ತ್ರಿ ಅಂಗಿ ತೊಟ್ಟು ಸಾಹೇಬರ ಜೀಪಿಗೆ ಕಾಯುತ್ತಿದ್ದರು. ಅವರ ಮುಂದೆಯೇ, ನೀರಿನ ಪೈಪು ಹಾಕಲು ಹಿಂದಿನ ದಿನ ರಸ್ತೆಗಡ್ಡ ಅಗೆದ ಕಾಲುವೆ ಬಾಯಿ ತೆರೆದು ಬಿದ್ದಿತ್ತು. ಅದನ್ನು ಎಲ್ಲರೂ ಬೆಳಗ್ಗೆಯಿಂದ ದಾಟಿದ್ದರು. ಜೀಪು ಅದನ್ನು ದಾಟಲಾರದೆಂದು ಯಾರಿಗೂ ಹೊಳೆದಿರಲಿಲ್ಲ.

ಮೂರು ಗಂಟೆಗೆ ಸರಿಯಾಗಿ ಜೀಪಿನ ಹಾರ್ನು ಕೇಳಿತು. ಕೇಳಿದ್ದು ಹಿಂದಿನ ಗೇಟಿನ ಕಡೆಯಿಂದ, ಹನ್ನೆರಡನೇ ನಂಬರಿನ ಪಕ್ಕದಿಂದ.

ಮಾರೇಶ್ ಓಡಿದ. ಲೈನಿಗೆ ಲೈನೇ ಅವನ ಹಿಂದೆ ಓಡಿತು. ಅವರು ತಲುಪುವಷ್ಟರಲ್ಲಿ ಎಸ್ಟೇಟ್ ಆಫೀಸರ್ ಸಾಹೇಬರು ಜಂಬಪ್ಪನ ಹೊಸಲಿನ ಮುಂದೆ ನಿಂತಿದ್ದರು. ಪಕ್ಕದಲ್ಲಿ ಅವರ ಕ್ಲರ್ಕು ಹಂಪೇಶ್, ಕೈಯಲ್ಲಿ ಪ್ಯಾಡು, ಕೊರಳಲ್ಲಿ ಕ್ಯಾಮೆರಾ. ಸಾಹೇಬರು ಬೆಂಗಳೂರಿನ ಕಡೆಯವರು, ಬಂದು ಮೂರು ತಿಂಗಳಾಗಿತ್ತು.

"ಬಾಗಿಲು ಪೂರ್ತಿ ತೆಗೀರಿ," ಎಂದರು.

"ಇಷ್ಟೇ ಸಾರ್," ಎಂದ ಜಂಬಪ್ಪ.

ಸಾಹೇಬರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಗ್ಗಿದರು. ಒಳಗೆ ಎಲ್ಲೋ ಒಂದು ಕೊಪ್ಪರಿಗೆ ಢಣ್ ಎಂದಿತು.

"ಯಾರಪ್ಪಾ ಬಂದೋರು? ಕುಂದ್ರಿ," ಎಂದಳು ನೀಲಗಂಗಮ್ಮ, ಅಡುಗೆಮನೆಯ ಆಳದಿಂದ. ಸಾಹೇಬರು ಸುತ್ತ ನೋಡಿದರು. ಹನ್ನೊಂದು ಕುರ್ಚಿ ಅವರ ತಲೆಯ ಮೇಲಿದ್ದವು.

"ಏನ್ರೀ ಇದು?" ಅವರ ಮುಖ ಗಣಿಯ ಮಣ್ಣಿನ ಬಣ್ಣಕ್ಕೆ ತಿರುಗಿತು. "ಅಚ್ಚುಕಟ್ಟು ಮನೆ ಸ್ಪರ್ಧೆ ಅಂತ ತಾನೇ ಹೇಳಿದ್ದು? ಮನುಷ್ಯರು ಇರೋ ಮನೆಯಾ ಇದು?"

ರೇಣುಕಮ್ಮನ ಕಣ್ಣಿಂದ ನಿಜವಾದ ನೀರು ಇಳಿಯಿತು. ಜಂಬಪ್ಪ ತಡವರಿಸಿದ. "ಸಾರ್, ಇವ್ಯಾವೂ ನಮ್ಮವಲ್ಲ. ಬೆಳಗ್ಗೆ ಎಲ್ಲ ಖಾಲಿ ಮಾಡಿದ್ವಿ, ದೇವ್ರಾಣಿಗೂ..."

"ನಿಮ್ಮದಲ್ಲ ಅಂದ್ರೆ? ಯಾರದು?"

ಜಂಬಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಇಡೀ ಲೈನು ಉಸಿರು ಹಿಡಿದು ನಿಂತಿತ್ತು. ಮಾರೇಶ್ ಆಕಾಶ ನೋಡುತ್ತಿದ್ದ. ಶಾಂತಕ್ಕ ಜೀವಮಾನದಲ್ಲಿ ಮೊದಲ ಸಲ ಮಾತಿಲ್ಲದೆ ನಿಂತಿದ್ದಳು. ಹೆಸರು ಹೇಳಿದರೆ ಹನ್ನೊಂದು ಮನೆಗೂ ಕುತ್ತು, ನಾಳೆಯಿಂದ ಯಾರ ಮುಖ ನೋಡುವುದು? ಅವನು ತಲೆ ತಗ್ಗಿಸಿದ.

ಸಾಹೇಬರ ಕಣ್ಣು ಅಷ್ಟರಲ್ಲಿ ಕೂಲರಿನ ಮೇಲಿನ ಚೀಟಿಯ ಮೇಲೆ ಬಿತ್ತು. "ಮನೆ ನಂ. 3. ಕೂಲರ್. ಒಂದು. ಮೋಟಾರು ಕೆಟ್ಟಿದೆ," ಎಂದು ಓದಿದರು. ಟೇಬಲ್ಲಿನ ಚೀಟಿ ಓದಿದರು. ವೈರಿನ ಚೀಟಿ ಓದಿದರು. ನೋಟ್‌ಬುಕ್ಕು ತೆಗೆದುಕೊಂಡು ಪುಟ ತಿರುಗಿಸಿದರು. ಅವರ ಮುಖದ ಕೆಂಪು ನಿಧಾನಕ್ಕೆ ಇಳಿದು, ಆ ಜಾಗದಲ್ಲಿ ಬೇರೇನೋ ಬೆಳಕು ಏರತೊಡಗಿತು.

"ಹಂಪೇಶ್... ಇವರು ಇಡೀ ಲೈನಿನ ಬೇಡದ ಸಾಮಾನೆಲ್ಲ ಒಂದು ಕಡೆ ಕಲೆಹಾಕಿದ್ದಾರೆ ಕಣ್ರೀ!"

ಮಾತನ್ನು ರಿವರ್ಸ್ ತೆಗೆಯುವ ಮಾರೇಶನಿಗೆ ಅಷ್ಟು ಸಾಕಾಯಿತು. "ಹೌದು ಸಾರ್!" ಎಂದು ಜನರನ್ನು ಸೀಳಿಕೊಂಡು ಮುಂದೆ ಬಂದ. "ಎಲ್ಲಾ ಜಂಬಣ್ಣಂದೇ ಐಡಿಯಾ ಸಾರ್. ಲೈನಿನೋರು ಬ್ಯಾಡಾದ್ದೆಲ್ಲ ಇಲ್ಲಿ ತಂದು ಒಪ್ಪಿಸಿಬಿಟ್ವಿ. ಈಗ ನಮ್ಮ ಮನಿ ನೋಡ್ರಿ, ಹೆಂಗ ಖಾಲಿ ಅದಾವ!"

"ಹೂಂ ರೀ, ಒಪ್ಪಿಸಿದ್ವಿ," ಎಂದಳು ಶಾಂತಕ್ಕ. ಹೇಳಿದ ಮೇಲೆ ಅವಳಿಗೆ ತನ್ನ ರೊಟ್ಟಿ ಹಂಚೂ ಒಳಗಿದೆಯೆಂದು ನೆನಪಾಯಿತು. ಹೊತ್ತು ಮೀರಿತ್ತು.

"ಹಂಗಲ್ಲ ಸಾರ್, ಇದು ಎರಡು ತಾಸಿಗೆ ಅಂತ..." ಎಂದು ಜಂಬಪ್ಪ ಬಾಯಿ ತೆರೆದ. ಮಾರೇಶ್ ಅವನ ಕೈ ಎಷ್ಟು ಬಲವಾಗಿ ಅಮುಕಿದನೆಂದರೆ ಮುಂದಿನ ಮಾತು "ಅಯ್ಯೋ" ಎಂದಾಯಿತು.

"ನಾಚಿಕೆ ಪಡಬೇಡಿ ಜಂಬಪ್ಪ," ಎಂದರು ಸಾಹೇಬರು. ಅವರಿಗೆ ಹೆಡ್ ಆಫೀಸಿನಿಂದ ವಾರಕ್ಕೊಂದು ಪತ್ರ ಬರುತ್ತಿತ್ತು: ನಿಮ್ಮ ಕಾಲೊನಿಯಲ್ಲಿ ಹೊಸದೇನು ಮಾಡಿದಿರಿ, ಫೋಟೋ ಸಮೇತ ಕಳಿಸಿ, ಎಂದು. ಮೂರು ತಿಂಗಳಿಂದ ಅವರು ಒಂದೇ ಬೇವಿನ ಗಿಡಕ್ಕೆ ಬೇರೆ ಬೇರೆ ಕಡೆಯಿಂದ ನಿಂತು ನೀರು ಹಾಕುತ್ತಿರುವ ಫೋಟೋ ಕಳಿಸುತ್ತ ಬಂದಿದ್ದರು. ಈಗ ದೇವರೇ ಕೂಲರಿನ ರೂಪದಲ್ಲಿ ಕಣ್ಣು ಬಿಟ್ಟಿದ್ದ. "ಒಂದು ಲೈನು, ಒಂದು ಸಂಗ್ರಹ ಕೇಂದ್ರ! ಫೋಟೋ ಹೊಡೀರಿ ಹಂಪೇಶ್. ಮೊದಲನೇ ಬಹುಮಾನ ಇವರಿಗೇ."

ಹೊರಗೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವನು ಮಾರೇಶ್. ರೇಣುಕಮ್ಮ ಕಣ್ಣು ಒರೆಸಿಕೊಂಡಳು. ಜಂಬಪ್ಪನಿಗೆ ಕಾಲಡಿಯ ನೆಲ ಮತ್ತೆ ಸಿಕ್ಕಂತಾಯಿತು. ದಾರಿ ಯಾವುದಾದರೇನು, ಊರು ಮುಟ್ಟಿದರಾಯಿತಲ್ಲ! ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಸಾರ್, ಹಂಗಾದ್ರ ನನ್ನ ಅರ್ಜಿ... ಮೂರು ರೂಮಿನ ಮನಿ..."

"ಅರ್ಜಿನಾ? ಛೆ ಛೆ!" ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ನೀವು ಇಲ್ಲಿಂದ ಹೋದರೆ ಈ ಕೇಂದ್ರ ನೋಡಿಕೊಳ್ಳೋರು ಯಾರ್ರೀ? ಅಲ್ಲದೆ ಹನ್ನೆರಡು ಮನೆ ಸಾಮಾನು ಇಷ್ಟರಲ್ಲೇ ಹಿಡಿಸಿದ್ದೀರಿ. ನಿಮ್ಮಂಥವರಿಗೆ ಮೂರು ರೂಮು ಯಾಕೆ? ಹಂಪೇಶ್, ಬರ್ಕೊಳಿ. ಇರುವ ಮನೆಯೇ ಧಾರಾಳವಾಗಿ ಸಾಕಾಗುತ್ತದೆ ಎಂದು ಅರ್ಜಿದಾರರು ಸ್ವತಃ ತೋರಿಸಿಕೊಟ್ಟಿರುವುದರಿಂದ, ಅರ್ಜಿ ಮುಕ್ತಾಯ."

ಹಂಪೇಶ್ ಬರೆದುಕೊಂಡ. ಆರು ವರ್ಷದಿಂದ ಯಾವ ಟೇಬಲ್ಲಿನ ಮೇಲೂ ಅಲುಗಾಡದ ಅರ್ಜಿ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಸಾಹೇಬರು ಉಳಿದ ಹನ್ನೊಂದು ಮನೆಗಳನ್ನು ಒಂದೇ ಉಸಿರಿಗೆ ನೋಡಿ ಮುಗಿಸಿದರು. ನೋಡಲು ಏನೂ ಇರಲಿಲ್ಲ. ಮಾರೇಶನ ಹಾಲಿನಲ್ಲಿ ಅವರು ಮಾತಾಡಿದರೆ ಗೋಡೆ ಮರುಮಾತಾಡುತ್ತಿತ್ತು. "ಎಷ್ಟು ಸರಳ ಜೀವನ! ಇಂಥವರಿಗೆ ದೊಡ್ಡ ಮನೆ ಕೊಟ್ಟರೂ ಕೆಡಿಸೋದಿಲ್ಲ," ಎಂದು ತಲೆದೂಗಿದರು. ಖಾಲಿ ಬಿದ್ದಿದ್ದ ಮೂರು ರೂಮಿನ ಮನೆ ಅರ್ಜಿಯನ್ನೇ ಹಾಕದ ಮಾರೇಶನಿಗೆ ಹೋಯಿತು. ಅರ್ಜಿಯನ್ನು ಆಮೇಲೆ ಬರೆಸಿಕೊಂಡರು.

ಜೀಪು ಹೊರಟಿತು. ಅದರ ಸದ್ದು ಮಾಯವಾಗುವ ಮೊದಲೇ ಹನ್ನೊಂದು ಮನೆಯವರೂ ತಮ್ಮ ತಮ್ಮ ಸಾಮಾನಿಗೆಂದು ಹನ್ನೆರಡನೇ ನಂಬರಿಗೆ ನುಗ್ಗಿದರು. ಬಾಗಿಲ ಮೇಲೆ ಹಂಪೇಶ್ ಆಗಲೇ ಒಂದು ಹಾಳೆ ಅಂಟಿಸಿ ಹೋಗಿದ್ದ. ಭವ್ಯ ಅದನ್ನು ಗಟ್ಟಿಯಾಗಿ ಓದಿದಳು: "ಹೆಡ್ ಆಫೀಸಿನವರು ಬಂದು ನೋಡುವ ತನಕ ಈ ಕೇಂದ್ರದಿಂದ ಒಂದು ವಸ್ತುವೂ ಹೊರಹೋಗತಕ್ಕದ್ದಲ್ಲ. ತಪ್ಪಿದಲ್ಲಿ ಕೇಂದ್ರದ ಮೇಲ್ವಿಚಾರಕ ಶ್ರೀ ಜಂಬಪ್ಪನವರೇ ಹೊಣೆ."

"ಅಲ್ಲಣ್ಣ, ಹೊಸ ಮನಿಗೆ ಏನು ಒಯ್ಯಲಿ ನಾನು?" ಎಂದ ಮಾರೇಶ್, ಜಂಬಪ್ಪನೇ ಏನೋ ಕದ್ದವನಂತೆ.

"ನನ್ನ ಹಂಚು ಕೊಡ್ರಿ, ರಾತ್ರಿಗೆ ರೊಟ್ಟಿ ಎಲ್ಲಿ ಬಡೀಲಿ?" ಎಂದಳು ಶಾಂತಕ್ಕ.

"ನಾನು ಎಲ್ಲಿ ಮಲಗಲಿ?" ಎಂದ ಜಡೆಪ್ಪ.

"ಚೀಟಿ ಅಂಟಿಸು ಅಂದೋರು ಯಾರು ಇವರಿಗೆ? ಭಾಳ ಶಾಣ್ಯಾ!" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ಹೌದೆಂದರು. ಬೆಳಗ್ಗೆಯಿಂದ ಆದ ತಪ್ಪೆಲ್ಲ ಯಾರದೆಂದು ಲೈನಿಗೆ ಕೊನೆಗೂ ಗೊತ್ತಾಗಿತ್ತು.

ಬೈದು ಬೈದು ಅವರು ಚದುರಿದರು. ಜಂಬಪ್ಪ, ರೇಣುಕಮ್ಮ, ಭವ್ಯ ಮೂವರೂ ಅಂಗಳದ ಕಲ್ಲಿನ ಮೇಲೆ ಕೂತರು. ಒಳಗೆ ಕೂರಲು ಜಾಗವಿರಲಿಲ್ಲ. ಅಡುಗೆಮನೆಯ ಕಿಟಕಿಯ ಸರಳಿನ ಸಂದಿಯಿಂದ ನೀಲಗಂಗಮ್ಮ ಒಂದೊಂದೇ ಲೋಟ ಚಹಾ ಹೊರಗೆ ಕೊಟ್ಟಳು. ಗುಡ್ಡದ ಹಿಂದೆ ಬಿಸಿಲು ಇಳಿಯತೊಡಗಿತ್ತು.

ಆಗ ಹಿಂದಿನ ಗೇಟಿನಿಂದ ಒಂದು ಟ್ರ್ಯಾಕ್ಟರು ಒಳಗೆ ಬಂತು. ಟ್ರಾಲಿಯ ತುಂಬ ಬೀರು, ಮಂಚ, ಸೈಕಲ್ಲು, ಟೈರು, ಮೇಲೆ ತಲೆಕೆಳಗಾಗಿ ಕಟ್ಟಿದ ಒಂದು ತೊಟ್ಟಿಲು. ಡ್ರೈವರು ಇಳಿಯದೆಯೇ ಕೈಯಲ್ಲಿದ್ದ ಚೀಟಿ ನೋಡಿ ಕೂಗಿದ.

"ಸಂಗ್ರಹ ಕೇಂದ್ರ ಇದೇ ಏನ್ರಿ? ಸಾಹೇಬ್ರು ಕಳ್ಸ್ಯಾರ. ಇದು ಎರಡನೇ ಲೈನಿನ ಮೊದಲನೇ ಟ್ರಿಪ್ಪು. ಇನ್ನಾ ಆರು ಲೈನ್ ಅದಾವ."

ರೇಣುಕಮ್ಮ ಗಂಡನ ಕಡೆ ನೋಡಿದಳು. ಅವನು ಇಲ್ಲವೆನ್ನಬಹುದೆಂದು ಅವಳಿಗೆ ಇನ್ನೂ ಒಂದು ಆಸೆಯಿತ್ತು.

ಜಂಬಪ್ಪ ಚಹಾದ ಲೋಟ ಕೆಳಗಿಟ್ಟು ಎದ್ದ. ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತು, "ಬರಲಿ... ಬರಲಿ... ಸ್ವಲ್ಪ ಬಲಕ್ಕ... ಸಾಕು," ಎಂದು ಕೈ ಮಾಡಿದ. ಆಮೇಲೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು, ಗೆರೆ ಎಳೆದು, ಕೇಳಿದ:

"ಹೂಂ, ಮೊದಲನೇ ಐಟಮ್ಮು ಹೇಳ್ರಿ."